ಎತ್ರಪ್ಪಾ ಎಂದವರು ಯಾರು?

ದೆವ್ವ, ಭೂತ, ಸತ್ತವರ ಕಾಟ ಎಂಬ ಮಾತು ಬಂದಾಗ ನಗುವವರಲ್ಲಿ ನಾನು ಒಬ್ಬಳು. ಕಾನ್ವೆಂಟಿನಲ್ಲಿ ಓದಿದವಳು, ಮುಂದೆ ಬಹಳ ವರ್ಷ ಹೆಣ್ಣುಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು. ಮಂಡಕಳ್ಳಿ ದಾರಿಯಲ್ಲಿ ಒಂದು ದೊಡ್ಡ ಹುಣಸೆಮರವಿತ್ತು. ಹೊತ್ತು ಮುಳುಗಿದ ಮೇಲೆ ಅದರ ಕೆಳಗೆ ಯಾರೂ ನಡೆಯುತ್ತಿರಲಿಲ್ಲ. ನಾನು ಅಲ್ಲೇ ಕೂತು ಬುತ್ತಿ ಬಿಚ್ಚಿ ತಿಂದು ಬಂದವಳು. ಯಾರಾದರೂ ತಮಗಾದ ವಿಚಿತ್ರವನ್ನು ಹೇಳತೊಡಗಿದರೆ, ಗಾಳಿಯೋ ಬೆಕ್ಕೋ ಇದ್ದಿರಬೇಕು ಎಂದು ಮಧ್ಯದಲ್ಲೇ ಬಾಯಿ ಹಾಕುತ್ತಿದ್ದೆ.

ಹಾಗಿದ್ದೂ ಈಗ ಒಂದು ಸಂಗತಿ ಬರೆಯಲು ಕೂತಿದ್ದೇನೆ. ಇದನ್ನು ಓದಿ ನೀವೂ ನಡುವೆ ಬಾಯಿ ಹಾಕಬಹುದು, ನನ್ನ ಆಕ್ಷೇಪಣೆಯಿಲ್ಲ. ನಡೆದದ್ದನ್ನು ನಡೆದಂತೆ ಹೇಳುವುದಷ್ಟೇ ನನ್ನ ಕೆಲಸ. ಹೇಳುವಾಗ ನನ್ನ ತಾಯಿಯ ಬಗ್ಗೆ ಸ್ವಲ್ಪ ಜಂಬ ಇಣುಕಿದರೆ ಅದನ್ನು ಮನ್ನಿಸಬೇಕು. ಅದನ್ನು ಅಡಗಿಸಿಡುವುದು ನನ್ನಿಂದ ಆಗದು.

ಮೊದಲನೆಯ ಮಹಾಯುದ್ಧ ಮುಗಿದು, ಮೈಸೂರಿನ ಬೀದಿಗಳಲ್ಲಿ ಮೋಟಾರು ಕಂಡರೆ ಜನ ನಿಂತು ನೋಡುವುದನ್ನು ಬಿಟ್ಟಿದ್ದ ಕಾಲ ಅದು. ನನ್ನ ತಂದೆ ಚೌರಪ್ಪನವರಿಗೆ ಊರಿನ ದಕ್ಷಿಣ ಭಾಗದಲ್ಲಿ ಸಾರೋಟು, ಜಟಕಾಗಳನ್ನು ಮಾಡುವ ಕಾರ್ಖಾನೆಯಿತ್ತು. ಕಾರ್ಖಾನೆ ಎಂದರೆ ಮನೆಯ ಹಿಂದಿನ ದೊಡ್ಡ ಅಂಗಳ, ಅದರ ಸುತ್ತ ಹೆಂಚು ಹೊದಿಸಿದ ಕೊಟ್ಟಿಗೆಗಳು, ಒಂದು ಕುಲುಮೆ. ತಾತನ ಕಾಲದಿಂದ ನಡೆದುಬಂದದ್ದು. ಇದಲ್ಲದೆ ಮಂಡಕಳ್ಳಿಯ ಹತ್ತಿರ ಒಂದಿಷ್ಟು ಜಮೀನು, ಅದರಲ್ಲಿ ಮರದ ದಿಮ್ಮಿಗಳನ್ನು ವರ್ಷಗಟ್ಟಲೆ ಒಣಗಿಸಲು ಹಾಕಿದ ಚಪ್ಪರ. ಅಪ್ಪ ಒಂದು ಬೇಸಗೆಯ ಮಧ್ಯಾಹ್ನ ಎದೆನೋವೆಂದು ಮಲಗಿದವರು ಏಳಲೇ ಇಲ್ಲ. ಉಯಿಲು ಬರೆದಿರಲಿಲ್ಲ. ಹಿಂದೆ ಉಳಿದವರು ಅಮ್ಮ, ನಾನು, ನನ್ನ ಪುಟ್ಟ ತಂಗಿ. ನನಗಾಗ ಹದಿನಾರು ತುಂಬಿತ್ತು.

ನಮ್ಮ ಕ್ರೈಸ್ತರಲ್ಲಿ ಹೀಗೆ ಉಯಿಲಿಲ್ಲದೆ ಸತ್ತವರ ಆಸ್ತಿಯನ್ನು ನೋಡಿಕೊಳ್ಳಲು ಕೋರ್ಟಿನಿಂದ ಅಧಿಕಾರ ಪಡೆಯಬೇಕಿತ್ತು. ಅಮ್ಮ ಅರ್ಜಿ ಹಾಕಿದಳು. ಆರೋಗ್ಯಮ್ಮ ಎಂದು ಕನ್ನಡದಲ್ಲಿ ದಪ್ಪ ಅಕ್ಷರದ ರುಜು. ಅಪ್ಪನ ತಮ್ಮ ಇನ್ನಾಸಪ್ಪ ಅದಕ್ಕೆ ತಕರಾರು ಎತ್ತಿದರು. ಚಿಕ್ಕಪ್ಪ ಕೆಟ್ಟವರಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ. ಜಟಕಾಗಳ ಕಾಲ ಮುಗಿಯಿತು, ಜಾಗವನ್ನು ಮೋಟಾರು ರಿಪೇರಿಯವರಿಗೆ ಕೊಟ್ಟು ಮಕ್ಕಳ ಹೆಸರಿನಲ್ಲಿ ದುಡ್ಡು ಇಡುವುದು ಲೇಸು ಎಂಬುದು ಅವರ ವಾದ. ಹೆಂಗಸೊಬ್ಬಳು ಕುಲುಮೆ ನಡೆಸಲು ಹೋದರೆ ಮಕ್ಕಳ ಪಾಲಿನ ಆಸ್ತಿಯೆಲ್ಲ ಕರಗಿಹೋಗುತ್ತದೆ, ಆದ್ದರಿಂದ ಆಡಳಿತ ತಮ್ಮ ಕೈಗೆ ಕೊಡಬೇಕು ಎಂದು ಬರೆಸಿದ್ದರು.

ಅಪ್ಪ ಹೋಗುವಾಗ ಒಂದು ಸಾರೋಟು ಅರ್ಧಕ್ಕೆ ನಿಂತಿತ್ತು. ಅರಸು ಮನೆತನದವರೊಬ್ಬರು ದಸರೆಯ ಹೊತ್ತಿಗೆ ಬೇಕೆಂದು ಹೇಳಿ ಮಾಡಿಸುತ್ತಿದ್ದದ್ದು. ಪೆಟ್ಟಿಗೆಯ ಕೆಲಸ ಮುಗಿದಿತ್ತು, ಚಕ್ರಗಳಾಗಿರಲಿಲ್ಲ. ಅದನ್ನು ಹೇಳಿದ ಹೊತ್ತಿಗೆ ಕೊಟ್ಟರೆ ಕಾರ್ಖಾನೆ ಉಳಿಯುತ್ತದೆ, ಇಲ್ಲದಿದ್ದರೆ ಚಿಕ್ಕಪ್ಪ ಹೇಳಿದ್ದೇ ನಿಜವಾಗುತ್ತದೆ. ಇದು ಅಮ್ಮನಿಗೂ ಗೊತ್ತಿತ್ತು, ಚಿಕ್ಕಪ್ಪನಿಗೂ ಗೊತ್ತಿತ್ತು.

ಚಕ್ರಕ್ಕೆ ಕಬ್ಬಿಣದ ಹಳಿ ಹಾಕುವುದನ್ನು ಈಗಿನವರು ನೋಡಿರಲಾರರು. ಕಬ್ಬಿಣದ ಬಳೆಯನ್ನು ಮರದ ಚಕ್ರಕ್ಕಿಂತ ಒಂದು ಕೂದಲೆಳೆಯಷ್ಟು ಚಿಕ್ಕದಾಗಿ ಬಡಿದು ಮಾಡುತ್ತಾರೆ. ಅದನ್ನು ಬೆರಣಿಯ ಬೆಂಕಿಯಲ್ಲಿ ಕಾಯಿಸಿದರೆ ಹಿಗ್ಗುತ್ತದೆ. ಹಿಗ್ಗಿದಾಗ ಇಕ್ಕಳದಲ್ಲಿ ಎತ್ತಿ ಚಕ್ರದ ಮೇಲಿಟ್ಟು, ಬಡಿದು ಕೂರಿಸಿ, ಕೂಡಲೇ ನೀರು ಸುರಿಯಬೇಕು. ತಣ್ಣಗಾಗುತ್ತ ಅದು ಮರವನ್ನು ಬಿಗಿದು ಹಿಡಿಯುತ್ತದೆ. ಬೇಗ ಎತ್ತಿದರೆ ಬಳೆ ಕೂರುವುದಿಲ್ಲ. ತಡವಾದರೆ ಮರ ಸುಟ್ಟು ಚಕ್ರದ ಕಡ್ಡಿಗಳಾದ ಅರಗಳೆಲ್ಲ ಸಡಿಲವಾಗುತ್ತವೆ. ಎತ್ತುವ ಆ ಗಳಿಗೆಯನ್ನು ಕಬ್ಬಿಣದ ಬಣ್ಣ ನೋಡಿ ಹೇಳಬೇಕು. ಬಿಸಿಲಿನಲ್ಲಿ ಬಣ್ಣ ತಿಳಿಯದು. ಅದಕ್ಕೇ ನಮ್ಮಲ್ಲಿ ಈ ಕೆಲಸ ಬೆಳಗಿನ ಜಾವ ಮುಗಿದು ಸೂರ್ಯ ಇನ್ನೂ ಹುಟ್ಟದ ಮಬ್ಬಿನಲ್ಲಿ ನಡೆಯುತ್ತಿತ್ತು. ಅಪ್ಪ ಬೆಂಕಿಯ ಆಚೆ ಬದಿಗೆ ಕೈಕಟ್ಟಿ ನಿಂತು, ಸಮಯ ಬಂದಾಗ "ಎತ್ರಪ್ಪಾ" ಎನ್ನುತ್ತಿದ್ದರು. ಕೂಗುತ್ತಿರಲಿಲ್ಲ. ಊಟಕ್ಕೆ ಕರೆದ ಹಾಗೆ, ಕೊನೆಯನ್ನು ಸ್ವಲ್ಪ ಎಳೆದು ಹೇಳುತ್ತಿದ್ದರು. ಆ ಮಾತನ್ನು ಅವರು ಬೇರೆ ಯಾರ ಬಾಯಿಗೂ ಬಿಟ್ಟುಕೊಟ್ಟಿರಲಿಲ್ಲ.

ಅವರು ಹೋದ ಮೇಲೆ ನಮ್ಮ ಬಡಗಿ ಮೇಸ್ತ್ರಿ ಬಸವಾಚಾರಿ ಒಂದು ಚಕ್ರಕ್ಕೆ ತಾನೇ ನಿಂತು ಹೇಳಿದ. ತಡವಾಯಿತು. ಅಪ್ಪ ವರ್ಷಗಟ್ಟಲೆ ಒಣಗಿಸಿಟ್ಟಿದ್ದ ಮರ ಕರಿದ ಹಪ್ಪಳದಂತೆ ಮುದುಡಿತು. ಬಸವಾಚಾರಿ ಬಹಳ ನೊಂದುಕೊಂಡ. "ಅದು ಯಜಮಾನ್ರ ಬಾಯಿಗೆ ಒಪ್ಪಿದ್ದ ಮಾತು ಕಣಮ್ಮ. ನಾನು ಇನ್ನು ಆಡಲ್ಲ," ಎಂದು ಕೈಮುಗಿದುಬಿಟ್ಟ. ಹಾಗೆ ಒಣಗಿದ ಮರ ಇನ್ನು ನಾಲ್ಕು ಚಕ್ರಗಳಿಗೆ ಸರಿಯಾಗಿ ಉಳಿದಿತ್ತು, ಹೆಚ್ಚಿಲ್ಲ.

ಅಮ್ಮ ಮಾರನೆಯ ದಿನದಿಂದ ಬೆಳಗಿನ ಪೂಜೆಗೆ ಚರ್ಚಿಗೆ ಹೋಗುವುದನ್ನು ಬಿಟ್ಟು ಮಂಡಕಳ್ಳಿಗೆ ಹೋಗತೊಡಗಿದಳು. ಜಮೀನು ನೋಡಲು ಹೋಗುತ್ತಾಳೆಂದು ನಾವೆಲ್ಲ ತಿಳಿದೆವು. ನಮ್ಮ ಕುಲುಮೆಯಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದ ಕೆಂಪಯ್ಯ ಆ ಊರಿನ ಬೇಸಾಯದ ಮನೆಯವನು. ಅವನಿಂದ ನಿಜ ತಿಳಿಯಿತು.

"ಅಮ್ಮಾವ್ರು ನಮ್ಮೂರ್ ಕುಲ್ಮೆ ಮುಂದೆ ನಿಂತ್ಕೊಂಡ್ಬುಡ್ತಾರೆ ಕಣವ್ವ," ಎಂದ ಅವನು ನನಗೆ. "ರೈತ್ರ ಗಾಡಿ ಚಕ್ರಕ್ಕೆ ಹಳಿ ಆಕೋದ್ನ ಬಿಡದಂಗೆ ನೋಡ್ತಾರೆ. ಒಗೆಗೆ ಕಣ್ಣಾಗೆ ನೀರು ಸುರಿತಿದ್ರೂ ಆಚೆ ಈಚೆ ಅಳ್ಳಾಡಕ್ಕಿಲ್ಲ."

ವಿಧವೆಯಾಗಿ ಇನ್ನೂ ವರ್ಷ ಕಳೆಯದ ಹೆಂಗಸು, ಕಪ್ಪು ಸೀರೆಯ ಸೆರಗನ್ನು ಮೂಗಿಗೆ ಹಿಡಿದು ಹಳ್ಳಿಯ ಕುಲುಮೆಯ ಮುಂದೆ ನಿಲ್ಲುವುದನ್ನು ಜನ ಆಡಿಕೊಂಡರು. ಅದು ಅಮ್ಮನ ಕಿವಿಗೂ ಬಿತ್ತು. ಅವಳು ಹೋಗುವುದನ್ನು ಬಿಡಲಿಲ್ಲ.

ಕೊನೆಗೆ ಒಂದು ಸಂಜೆ ಬಸವಾಚಾರಿಯನ್ನು ಕರೆದು, "ನಾಳೆ ಬೆಳಿಗ್ಗೆ ಬೆಂಕಿ ಹಾಕಿ ಮೇಸ್ತ್ರಿ. ನಾನು ನಿಂತ್ಕೋತೀನಿ," ಎಂದಳು.

ಈ ಸುದ್ದಿ ಅದು ಹೇಗೋ ಚಿಕ್ಕಪ್ಪನಿಗೂ ಮುಟ್ಟಿತ್ತು. ಮರುದಿನ ಮಬ್ಬಿನಲ್ಲೇ ಅವರು ತಮ್ಮ ವಕೀಲರ ಗುಮಾಸ್ತೆಯೊಬ್ಬನನ್ನು ಕರೆದುಕೊಂಡು ಬಂದು ಅಂಗಳದ ಬಾಗಿಲಲ್ಲಿ ನಿಂತರು. ಮರ ಸುಟ್ಟರೆ ನೋಡಲು ಸಾಕ್ಷಿ ಬೇಕಲ್ಲ. ಅಮ್ಮ ಅವರನ್ನು ನೋಡಿ, "ಬನ್ನಿ ಇನ್ನಾಸಪ್ಪ, ಹೊಗೆ ಬರದ ಕಡೆ ನಿಂತ್ಕೊಳ್ಳಿ," ಎಂದು ಮಾತ್ರ ಹೇಳಿದಳು.

ಇನ್ನು ಮುಂದಿನದನ್ನು ನಾನು ಬಹಳ ಎಚ್ಚರದಿಂದ ಬರೆಯಬೇಕು. ಯಾರು ಎಲ್ಲಿದ್ದರು ಎಂಬುದು ಮುಖ್ಯ. ಅಂಗಳದ ನಡುವೆ ಬಳೆಯಾಕಾರದಲ್ಲಿ ಬೆಂಕಿ. ಅದರ ಈಚೆ ಅಮ್ಮ, ಅವಳ ಎಡಕ್ಕೆ ಅವಳ ತೋಳಿಗೆ ತಾಗುವಷ್ಟು ಹತ್ತಿರದಲ್ಲಿ ನಾನು. ಬಸವಾಚಾರಿಯೂ ಅವನ ಕಡೆಯವರೂ ಇಕ್ಕಳ ಹಿಡಿದು ನಮ್ಮ ಬಲಕ್ಕೆ ಬಗ್ಗಿ ಕೂತಿದ್ದರು. ಕೆಂಪಯ್ಯ ನೀರಿನ ತೊಟ್ಟಿಯ ಹತ್ತಿರವಿದ್ದ. ಚಿಕ್ಕಪ್ಪ, ಗುಮಾಸ್ತೆ ಇಬ್ಬರೂ ನಮ್ಮ ಬೆನ್ನಿನ ಹಿಂದೆ, ಬಾಗಿಲಲ್ಲಿ. ಬೆಂಕಿಯ ಆಚೆ ಬದಿ ಖಾಲಿ. ಅಪ್ಪ ನಿಲ್ಲುತ್ತಿದ್ದ ಜಾಗವೆಂದು ಕೆಲಸದವರು ಅಲ್ಲಿಗೆ ಹೋಗಿರಲಿಲ್ಲ.

ಕಬ್ಬಿಣ ಕಪ್ಪಿನಿಂದ ಕಡುಗೆಂಪಿಗೆ ತಿರುಗಿತು. ನಾನು ಬೆಂಕಿಯನ್ನು ನೋಡುತ್ತಿರಲಿಲ್ಲ. ಅಮ್ಮನ ಮುಖವನ್ನೇ ನೋಡುತ್ತಿದ್ದೆ. ಹೊಗೆ ತಡೆಯಲು ಅವಳು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಕಣ್ಣು ರೆಪ್ಪೆ ಬಡಿಯುತ್ತಿರಲಿಲ್ಲ. ದವಡೆ ಬಿಗಿದುಕೊಂಡಿತ್ತು. ಅಷ್ಟು ಹತ್ತಿರದಿಂದ ನಾನು ಅವಳನ್ನು ಯಾವತ್ತೂ ನೋಡಿರಲಿಲ್ಲ. ಆ ಕ್ಷಣದಲ್ಲಿ ಚಕ್ರ ಸುಟ್ಟರೂ ಸರಿ, ಇಂಥವಳ ಮಗಳಾದೆನಲ್ಲ, ಅಷ್ಟು ಸಾಕು ಎನ್ನಿಸಿತು.

ಆಗ ಬಂತು ಆ ಮಾತು.

"ಎತ್ರಪ್ಪಾ."

ಅಪ್ಪನ ದನಿ. ಕೊನೆಯನ್ನು ಹಾಗೇ ಎಳೆದು, ಊಟಕ್ಕೆ ಕರೆದ ಹಾಗೆ. ಬೆಂಕಿಯ ಆಚೆ ಬದಿಯಿಂದ ಬಂತು. ನಾನು ಬೆಚ್ಚಿ ಆ ಕಡೆ ತಿರುಗಲಿಲ್ಲ, ಅದೇ ಆಶ್ಚರ್ಯ. ಬೇರೆ ದಿನಗಳಂತೆಯೇ ಕೇಳಿಸಿದ್ದರಿಂದ ಅದು ಅಸಹಜವೆಂದು ನನಗೆ ಹೊಳೆಯಲೇ ಇಲ್ಲ. ನನ್ನ ಕಣ್ಣು ಇನ್ನೂ ಅಮ್ಮನ ಮುಖದ ಮೇಲೇ ಇತ್ತು. ಸೆರಗು ಹಲ್ಲಿನಲ್ಲೇ ಇತ್ತು. ಅವಳ ತುಟಿ ಅಲುಗಲಿಲ್ಲ.

ಇಕ್ಕಳಗಳು ಒಟ್ಟಿಗೆ ಮೇಲೆದ್ದವು. ಕೆಂಪು ಬಳೆ ಗಾಳಿಯಲ್ಲಿ ತೂಗುತ್ತ ಬಂದು ಚಕ್ರದ ಮೇಲೆ ಕೂತಿತು. ಮರದಿಂದ ಜ್ವಾಲೆ ಎದ್ದಿತು. ಸುತ್ತಿಗೆಗಳು ಬಿದ್ದವು. ಕೆಂಪಯ್ಯ ನೀರು ಸುರಿದ. ಆವಿಯಲ್ಲಿ ಯಾರೂ ಯಾರಿಗೂ ಕಾಣಲಿಲ್ಲ. ಆವಿ ಕಳೆದಾಗ ಅರಗಳು ಒಂದೊಂದೇ ಕಿರ್ರೆಂದು ಬಿಗಿದುಕೊಳ್ಳುವ ಸದ್ದು. ಬಸವಾಚಾರಿ ಚಕ್ರದ ಮುಂದೆ ಮಂಡಿಯೂರಿ ಕೂತು, ಸುತ್ತಲೂ ಕೈಯಾಡಿಸಿದ. ಎದ್ದು ನಿಂತವನ ಕಣ್ಣಲ್ಲಿ ನೀರಿತ್ತು. ಹೊಗೆಯಿಂದ ಬಂದದ್ದಲ್ಲ.

ಅಮ್ಮ ಸೆರಗನ್ನು ಬಾಯಿಂದ ತೆಗೆದು, "ಇನ್ನೊಂದು ಇಡಿ," ಎಂದಳು.

ಅಂದೇ ಇನ್ನೂ ಒಂದು, ಮರುದಿನ ಮಿಕ್ಕೆರಡು. ಆ ಮೂರಕ್ಕೂ ಅಮ್ಮ ತಾನೇ ಹೇಳಿದಳು, ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, ತನ್ನದೇ ದನಿಯಲ್ಲಿ. ಮೂರೂ ಸರಿಯಾದವು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಮುಂದೆ ಊರಿನಲ್ಲಿ ಹಬ್ಬಿದ ಕತೆಯಲ್ಲಿ ಈ ಮೂರು ಚಕ್ರಗಳನ್ನು ಎಲ್ಲರೂ ಮರೆತರು.

ಕತೆ ಹಬ್ಬಿಸಿದವನು ಬಸವಾಚಾರಿ. ಕೆಟ್ಟ ಮನಸ್ಸಿನಿಂದಲ್ಲ. ಮೊದಲ ಚಕ್ರಕ್ಕೆ ಯಜಮಾನರೇ ಬಂದು ಹೇಳಿದರು, ತನ್ನ ಎರಡು ಕಿವಿಯಿಂದ ಕೇಳಿದೆ ಎಂದು ಅವನು ಎದುರಾದವರಿಗೆಲ್ಲ ಹೇಳಿದ. ನಾನು ಉಸಿರೆತ್ತಲಿಲ್ಲ. ಕೆಂಪಯ್ಯ ಮಾತ್ರ ಒಪ್ಪಲಿಲ್ಲ. "ನಂಗಂತೂ ಅಮ್ಮಾವ್ರೇ ಕೂಗ್ದಂಗೆ ಕೇಳ್ತು. ಇಲ್ಲದ್ನ ಎಂಗೆ ಏಳ್ಲಿ?" ಎನ್ನುತ್ತಿದ್ದ. ನೆರೆಹೊರೆಯ ಹೆಂಗಸರು ಬಂದು, ಗಂಡನ ಆತ್ಮ ನಿನ್ನನ್ನು ಕಾಯ್ತಾ ಇದೆ ಆರೋಗ್ಯಮ್ಮ ಎಂದು ಸಮಾಧಾನ ಹೇಳಿದರು. ಅಮ್ಮನಿಗೆ ಸಿಟ್ಟು ಬಂದದ್ದು ಆಗಲೇ.

"ಅವರು ನೆಮ್ಮದಿಯಾಗಿ ಮಲಗ್ಲಿ ಅಂತ ಪೂಜೆ ಮಾಡಿಸಿದೀನಿ ಕಣ್ರೀ," ಎಂದಳು. "ಎಬ್ಬಿಸಿ ಕೆಲಸ ಮಾಡಿಸ್ಕೊಳ್ಳೋಕಲ್ಲ."

ಅದನ್ನು ಕೇಳಿದ ಮೇಲೆ ನಾನು ಕೇಳಿಸಿಕೊಂಡದ್ದನ್ನು ಅವಳಿಗೆ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಹಳ್ಳಿಯ ಕುಲುಮೆಯ ಮುಂದೆ ಕಣ್ಣು ಉರಿಸಿಕೊಂಡು ಅವಳು ಕಲಿತ ವಿದ್ಯೆಯನ್ನು, ಸತ್ತವರು ಬಂದು ಮಾಡಿದ ಉಪಕಾರ ಎಂದು ನಾನೂ ಹೇಳಬೇಕೆ?

ಸಾರೋಟು ಹೇಳಿದ ಹೊತ್ತಿಗೆ ಹೋಯಿತು. ದಸರೆಯಲ್ಲಿ ಅದು ನಮ್ಮ ಬೀದಿಯಲ್ಲೇ ಹಾದುಹೋದಾಗ ಅಮ್ಮ ಬಾಗಿಲಿಗೆ ಬಂದು ನಿಂತು, ಅದರಲ್ಲಿ ಕೂತವರನ್ನು ನೋಡದೆ ಚಕ್ರಗಳನ್ನೇ ನೋಡಿದಳು. ಅದಾದ ಮೇಲೆ ಕೋರ್ಟಿನಲ್ಲಿ ವಿಚಾರಣೆಯಾಯಿತು. ಚಿಕ್ಕಪ್ಪನ ವಕೀಲರು ಜಾಣರು. ಚಕ್ರ ಚೆನ್ನಾಗಿ ಆಗಿದೆ ಎನ್ನುವುದನ್ನು ಅಲ್ಲಗಳೆಯುವಂತಿರಲಿಲ್ಲ. ಆದ್ದರಿಂದ ಅದು ಅಮ್ಮನ ಕೆಲಸವಲ್ಲ ಎಂದು ತೋರಿಸಲು ಹೊರಟರು.

"ನಿಮ್ಮ ಮೇಸ್ತ್ರಿಯೇ ಊರೆಲ್ಲ ಹೇಳ್ಕೊಂಡು ಬರ್ತಿದ್ದಾರಮ್ಮ, ಅವತ್ತು ಮೊದಲ ಚಕ್ರಕ್ಕೆ ಹೇಳಿದ್ದು ನೀವಲ್ಲ ಅಂತ. ನೀವೇ ಹೇಳಿದ್ದು ಅಂತ ಪ್ರಮಾಣ ಮಾಡಿ ಹೇಳ್ತೀರಾ?"

ಅಲ್ಲಿ ಕೂತಿದ್ದವರು ಮೆಲ್ಲಗೆ ನಕ್ಕರು. ಮುಂದಿನ ಸಾಕ್ಷಿಯೆಂದು ನನ್ನನ್ನು ಕರೆದರೆ, ಬೈಬಲ್ಲಿನ ಮೇಲೆ ಕೈಯಿಟ್ಟು ನಾನೇನು ಹೇಳಲಿ?

ಅಮ್ಮ ವಕೀಲರಿಗೆ ಉತ್ತರ ಕೊಡಲಿಲ್ಲ. ನ್ಯಾಯಾಧೀಶರ ಕಡೆಗೆ ತಿರುಗಿದಳು.

"ಸ್ವಾಮಿ, ಅವತ್ತು ಆ ಚಕ್ರ ಸುಟ್ಟುಹೋಗಿದ್ರೆ, ಅದು ಯಾರ ತಪ್ಪು ಅಂತ ಇವರು ಬರೆಸ್ತಿದ್ರು?"

ನ್ಯಾಯಾಧೀಶರು ರುಮಾಲು ಸುತ್ತಿದ ವಯಸ್ಸಾದವರು. "ನಿಮ್ಮದೇ ಅಂತ," ಎಂದರು.

"ಹಾಗಾದ್ರೆ ಚಕ್ರ ಉಳಿದದ್ದೂ ನಂದೇ."

ಈ ಸಲ ಯಾರೂ ನಗಲಿಲ್ಲ. ನ್ಯಾಯಾಧೀಶರು ವಕೀಲರಿಗೆ, ಇನ್ನೇನಾದರೂ ಕೇಳುವುದಿದೆಯೇ ಎಂದು ಕೇಳಿದರು. ಇರಲಿಲ್ಲ. ನನ್ನನ್ನು ಕರೆಯಲೇ ಇಲ್ಲ. ಆಸ್ತಿಯ ಆಡಳಿತ ಅಮ್ಮನ ಕೈಗೆ ಬಂತು. ಹೊರಗೆ ಮೆಟ್ಟಿಲ ಮೇಲೆ ಚಿಕ್ಕಪ್ಪ ಎದುರಾದರು. "ಅತ್ತಿಗೆ, ನೀವು ಗೆದ್ರಿ," ಎಂದರು. ಅಮ್ಮ, "ಭಾನುವಾರ ಊಟಕ್ಕೆ ಬನ್ನಿ," ಎಂದಳು. ಅವರು ಬಂದರು. ಕೊನೆಯತನಕ ಬರುತ್ತಲೇ ಇದ್ದರು.

ಅಮ್ಮ ಆಸ್ತಿಯನ್ನು ಉಳಿಸಿದಳು ಎಂದರೆ ಕಡಿಮೆಯಾಯಿತು. ಜಟಕಾಗಳ ಕಾಲ ಮುಗಿಯಿತೆಂದು ಚಿಕ್ಕಪ್ಪ ಹೇಳಿದ್ದು ಸುಳ್ಳಾಗಿರಲಿಲ್ಲ. ಅದನ್ನು ಅಮ್ಮ ಅವರಿಗಿಂತ ಚೆನ್ನಾಗಿ ಕೇಳಿಸಿಕೊಂಡಿದ್ದಳು. ಕೆಲವೇ ವರ್ಷಗಳಲ್ಲಿ ನಮ್ಮ ಅಂಗಳದಲ್ಲಿ ಬಸ್ಸುಗಳಿಗೆ ಮರದ ಬಾಡಿ ಕಟ್ಟುವ ಕೆಲಸ ಶುರುವಾಯಿತು. ಮೈಸೂರಿನಿಂದ ಸುತ್ತಿನ ಊರುಗಳಿಗೆ ಓಡುತ್ತಿದ್ದ ಎಷ್ಟೋ ಬಸ್ಸುಗಳ ಮೈ ನಮ್ಮ ಮಂಡಕಳ್ಳಿ ಚಪ್ಪರದಲ್ಲಿ ಒಣಗಿದ ಮರದ್ದು. ಬೋರ್ಡಿನ ಮೇಲೆ ಅಪ್ಪನ ಹೆಸರು ಇದ್ದಲ್ಲೇ ಇತ್ತು. ಅದರ ಕೆಳಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ ತನ್ನ ಹೆಸರನ್ನು ಬರೆಸಿದಳು. ತಂಗಿಯ ಮದುವೆ ಮಾಡಿದಳು. ನಾನು ಮದುವೆ ಬೇಡ, ಓದುತ್ತೇನೆ ಎಂದಾಗ ಮದರಾಸಿಗೆ ಕಳಿಸಿದಳು.

ಆ ಬೆಳಗಿನ ದನಿಯನ್ನು ನಾನು ಎಷ್ಟೋ ಬಗೆಯಲ್ಲಿ ಬಿಡಿಸಿ ನೋಡಿದ್ದೇನೆ. ತಂದೆಯನ್ನು ಕಳೆದುಕೊಂಡ ಹುಡುಗಿ, ಅವರ ಮಾತಿಗಾಗಿ ಕಾಯುತ್ತಿದ್ದಳು, ಮನಸ್ಸೇ ಅದನ್ನು ಆಡಿಸಿತು ಎಂದುಕೊಂಡರೆ, ಇಕ್ಕಳಗಳು ಒಟ್ಟಿಗೆ ಎದ್ದದ್ದು ಹೇಗೆ? ಚಿಕ್ಕಪ್ಪನ ದನಿ ಅಣ್ಣನ ದನಿಯನ್ನು ಹೋಲುತ್ತಿತ್ತು. ಅವರೂ ಅದೇ ಅಂಗಳದಲ್ಲಿ ಬೆಳೆದವರು, ಕಬ್ಬಿಣದ ಬಣ್ಣ ಬಲ್ಲವರು. ತಮಗೇ ಅರಿವಿಲ್ಲದೆ ಬಾಯಿಂದ ಬಂದಿರಬಹುದೆ? ಬಹಳ ದಿನ ಹೀಗೇ ನಂಬಿದ್ದೆ. ಆದರೆ ಅವರು ನನ್ನ ಬೆನ್ನಿಗಿದ್ದರು, ಮಾತು ಬಂದದ್ದು ಎದುರಿನಿಂದ. ಅವರನ್ನು ಕೇಳಿಬಿಡಬೇಕೆಂದುಕೊಳ್ಳುವುದರಲ್ಲಿ ಅವರೂ ತೀರಿಕೊಂಡರು.

ಅಮ್ಮನಿಗೆ ವಯಸ್ಸಾಗಿ, ಕಾರ್ಖಾನೆಯನ್ನು ತಂಗಿಯ ಗಂಡನಿಗೆ ಬಿಟ್ಟುಕೊಟ್ಟ ಮೇಲೆ, ಕೃಷ್ಣಮೂರ್ತಿಪುರಂನ ನನ್ನ ಮನೆಗೆ ಬಂದು ಇದ್ದಳು. ಒಂದು ಮಧ್ಯಾಹ್ನ ಶಾಲೆಗೆ ರಜೆ. ನಾನು ಹುರುಳಿಕಾಯಿ ಬಿಡಿಸುತ್ತ ಕೂತಿದ್ದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಡಾಕ್ಟರಾದಳೆಂದು ಅಂದು ಬೆಳಿಗ್ಗೆ ಬಂದು ನಮಸ್ಕರಿಸಿ ಹೋಗಿದ್ದಳು. ಅವಳನ್ನು ನೋಡಿ ನನಗೆಷ್ಟು ಹೆಮ್ಮೆಯಾಯಿತೆಂಬ ಮಾತು ನಡೆದಿತ್ತು. ಅಮ್ಮ ಇದ್ದಕ್ಕಿದ್ದಂತೆ ಹೇಳಿದಳು:

"ನನಗೂ ನಿನ್ನ ವಿಷಯದಲ್ಲಿ ಹಾಗೇ ಆಗಿತ್ತು. ಆ ಮೊದಲನೇ ಚಕ್ರದ ದಿವಸ."

ನಾನು ತಲೆಯೆತ್ತಿದೆ.

"ಇನ್ನೇನು ಹೇಳ್ಬೇಕು ಅಂತಿದ್ದೆ. ಹೇಳೋಕೆ ಧೈರ್ಯ ಸಾಲ್ತಿರ್ಲಿಲ್ಲ. ಅಷ್ಟೊತ್ತಿಗೆ ನೀನು ಹೇಳ್ಬುಟ್ಟೆ. ನನ್ನ ಕಿವಿ ಪಕ್ಕದಲ್ಲೇ. ಹದಿನಾರು ವರ್ಷದ ಹುಡುಗಿ, ಅಷ್ಟು ಗಂಡಸರ ಮುಂದೆ. ಸರಿಯಾದ ಗಳಿಗೆ ಬೇರೆ. ಆಮೇಲೆ ಮಿಕ್ಕ ಮೂರನ್ನ ನಾನು ಹೇಳಿದ್ದು ಅದೇ ಧೈರ್ಯದ ಮೇಲೆ ಕಣೆ."

ಕೋರ್ಟಿನಲ್ಲಿ ಅವಳು "ನಾನು ಹೇಳಿದೆ" ಎಂದು ಒಂದು ಸಲವೂ ಹೇಳಿರಲಿಲ್ಲ ಎಂಬುದು ಆಗ ನನ್ನ ಗಮನಕ್ಕೆ ಬಂತು.

"ಅಲ್ಲಿ ನಿನ್ನ ಹೆಸರು ಯಾಕೆ ಎಳೀಲಿ ಅಂತ ಸುಮ್ನಿದ್ದೆ," ಎಂದಳು ಅಮ್ಮ. "ನೀನೂ ಒಂದು ದಿವಸ ಬಾಯಿಬಿಟ್ಟು ನಾನೇ ಹೇಳಿದ್ದು ಅನ್ಲಿಲ್ಲ. ಅದಕ್ಕೇ ನಿನ್ನ ಮೇಲೆ ಇನ್ನೂ ಹೆಮ್ಮೆ ನನಗೆ."

"ಅಮ್ಮ, ನಾನು ಹೇಳ್ಲಿಲ್ಲ," ಎಂದೆ. "ದೇವರಾಣೆ ಹೇಳ್ಲಿಲ್ಲ."

ಅವಳು ನನ್ನನ್ನು ನೋಡಿ ನಕ್ಕಳು. ಬಹುಮಾನ ಬಂದ ಮಗು ನಾಚಿಕೊಂಡಾಗ ದೊಡ್ಡವರು ನಗುವ ಹಾಗೆ.

"ಸರಿ ಬುಡು, ಹೇಳ್ಲಿಲ್ಲ," ಎಂದು ನನ್ನ ಕೈಯ ಮೇಲೆ ತಟ್ಟಿ, ಹುರುಳಿಕಾಯಿಯ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು.

ಅದಾದ ಮೇಲೆ ಅವಳು ಹೆಚ್ಚು ದಿನ ಬದುಕಲಿಲ್ಲ. ನಾನು ಮತ್ತೆ ಆ ಮಾತೆತ್ತಲಿಲ್ಲ. ನಾನು ಹೇಳಿರಲಿಲ್ಲ, ಇದು ನನಗೆ ನಿಶ್ಚಯವಾಗಿ ಗೊತ್ತು. ಉಸಿರು ಬಿಗಿಹಿಡಿದು ನಿಂತಿದ್ದವಳು ನಾನು. ಅಮ್ಮ ಹೇಳಿರಲಿಲ್ಲ, ಇದನ್ನು ನನ್ನ ಕಣ್ಣೇ ನೋಡಿದೆ. ಆದರೂ ಆ ಬೆಳಿಗ್ಗೆ ಯಾರೋ ಹೇಳಿದರು, ಕಬ್ಬಿಣ ಮೇಲೆದ್ದಿತು, ಚಕ್ರ ಉಳಿಯಿತು. ನನ್ನದಲ್ಲದ ಒಂದು ಹೆಮ್ಮೆಯನ್ನು ಅಮ್ಮ ಅಷ್ಟು ವರ್ಷ ನನಗಾಗಿ ಜೋಪಾನ ಮಾಡಿಟ್ಟು, ಕೊನೆಗೆ ನನ್ನ ಕೈಗೆ ಕೊಟ್ಟು ಹೋದಳು. ಅದನ್ನು ಯಾರಿಗೆ ತಲುಪಿಸಬೇಕೋ ನನಗೆ ಇವತ್ತಿಗೂ ತಿಳಿಯದು.